ನಾಲ್ಕನೇ ಪೀಪಾಯಿ

ಮೊದಲು ಕೈಗವಸು ಹಾಕ್ಕೊಳ್ಳಿ, ಆಮೇಲೆ ಮಾತು.
ಚಿಪ್ಪು ಸಿಡಿಯುತ್ತೆ. ಹೋದ ವಾರ
ಪೊಲೀಸಿನವನೊಬ್ಬನ ಕನ್ನಡಕ ಹಾರಿ
ಮೂಲಂಗಿ ಉಪ್ಪಿನಕಾಯಿಗೆ ಬಿತ್ತು.
ಚಿಪ್ಪಿಗೇನು ಗೊತ್ತು ಪೊಲೀಸು ಗಿಲೀಸು.

ತಗಡಿನ ಸೂರು, ಟಾರ್ಪಾಲಿನ ಗೋಡೆ,
ಕತ್ತು ಕೊಯ್ದ ಎಣ್ಣೆ ಪೀಪಾಯಿ ಏಳು, ಒಳಗೆ ಕೆಂಡ.
ಇಷ್ಟೇ ನನ್ನ ಹೋಟೆಲು.
ಬೋರ್ಡಿನ ಮೇಲಿರುವುದು ಅತ್ತೆಯ ಹೆಸರು,
ಬಣ್ಣಕ್ಕೆ ದುಡ್ಡು ದಂಡ ಯಾಕೆ ಅಂತ ಹಾಗೇ ಬಿಟ್ಟೆ.
ನಾನು ಜೊಮ್ಸುನ್. ಬಂದವರು ಅಕ್ಕಾ ಅಂತಾರೆ,
ಸೋಜು ಮೂರು ಬಾಟಲಿ ದಾಟಿದರೆ ಅಮ್ಮಾ.

ಅಗೋ ಅಲ್ಲಿ, ಹಡಗುಕಟ್ಟೆಯ ಕ್ರೇನು
ಗೊಜೆ ದ್ವೀಪದ ಆಕಾಶಕ್ಕೆಲ್ಲ ಗಾಳ ಹಾಕಿ ನಿಂತಿದೆ.
ಮೂರು ತಿಂಗಳಾಯಿತು, ಏನೂ ಕಚ್ಚಿಲ್ಲ.

ಅಯ್ಯೋ, ಇಕ್ಕಳ ಕೆಳಗಿಡಿ.
ಕಪ್ಪೆಚಿಪ್ಪಿಗೆ ಅವಸರ ಮಾಡಬಾರದು.
ಮೊದಲು ಬೆವರುತ್ತೆ,
ಆಮೇಲೆ ಅಂಚಲ್ಲಿ ನೊರೆ,
ಆಮೇಲೆ ತಾನಾಗೇ ಬಾಯಿ ಬಿಡುತ್ತೆ.
ಚಾಕು ಹಾಕಿ ಬಿಡಿಸಿದರೆ ರಸವೆಲ್ಲ ಬೂದಿಗೆ.

ನೀವು ಕೂತಿರೋದು ನಾಲ್ಕನೇ ಪೀಪಾಯಿ.
ನಿನ್ನೆ ಇಲ್ಲಿ ಪ್ಯೋ ಮೇಸ್ತ್ರಿ ಕೂತಿದ್ದ,
ಎದುರಿಗೆ ಅವನ ಕೈಕೆಳಗಿನ ವೆಲ್ಡರು, ತಾಕ್.
ಹನ್ನೊಂದು ವರ್ಷದಿಂದ ಸಂಬಳದ ದಿನ ತಪ್ಪದೆ
ಒಂದು ತಟ್ಟೆ ಚಿಪ್ಪು, ಕೊನೆಗೆ ಬಿಸಿ ಶಾವಿಗೆ.
ಮೇಸ್ತ್ರಿ ಒಂದೇ ಕೈಯಲ್ಲಿ ಸುರಿಯೋದು,
ಹುಡುಗ ಎರಡು ಕೈಯಲ್ಲಿ ಲೋಟ ಒಡ್ಡೋದು,
ಮುಖ ಗೋಡೆಗೆ ತಿರುಗಿಸಿ ಕುಡಿಯೋದು.
ಹಿರಿಯರ ಮುಂದೆ ನಮ್ಮಲ್ಲಿ ಹಾಗೇ.
ತಿರುಗಿ ತಿರುಗಿ ಅವನಿಗೆ
ನನ್ನ ಕ್ಯಾಲೆಂಡರುಗಳೆಲ್ಲ ಬಾಯಿಪಾಠ.

ನಿನ್ನೆ ಮೇಸ್ತ್ರಿ
ಎರಡೂ ಕೈಯಲ್ಲಿ ಬಾಟಲಿ ಹಿಡಿದು ಸುರಿದ.

ನಾನು ಆಕ್ಟೋಪಸ್ಸು ಕತ್ತರಿಸುತ್ತಿದ್ದೆ. ಕತ್ತರಿ ಬಾಯಿ ತೆರೆದೇ ನಿಂತಿತು.
ಪಟ್ಟಿ ಬಂದಿದೆ ಅಂತ ಐಸಿನ ಗಾಡಿಯವ ಮಧ್ಯಾಹ್ನವೇ ಹೇಳಿದ್ದ,
ಯಾರ ಹೆಸರು ಅಂತ ಹೇಳಿರಲಿಲ್ಲ.

ಮೇಸ್ತ್ರಿ ಮಂಡಿನೋವಿನ ಮಾತಾಡಿದ.
ಮಗಳ ಹಲ್ಲಿಗೆ ಹಾಕಿಸಿದ ತಂತಿಯ ಮಾತಾಡಿದ,
ಇದ್ದಿಲಿನ ರೇಟು ಕೇಳಿದ, ಅದೂ ನನ್ನ ಹತ್ತಿರ, ಎರಡು ಸಲ.
ಹುಡುಗ ಚಿಪ್ಪಿನಿಂದ ಮಾಂಸ ಬಿಡಿಸಿ
ಖಾರದ ಗೊಜ್ಜು ಸವರಿ
ಅವನ ಬಟ್ಟಲಿಗೆ ಹಾಕುತ್ತಲೇ ಇದ್ದ.
ತಿನ್ನಿ, ಆರಿಹೋಗುತ್ತೆ.
ತಿನ್ನಿ.

ಒಂದು ಚಿಪ್ಪು ಮಾತ್ರ ಬಾಯಿ ಬಿಡಲಿಲ್ಲ.
ಮೇಸ್ತ್ರಿ ಅದನ್ನೇ ತಿವಿಯುತ್ತಾ ಕೂತ.
ಬಿಡಣ್ಣ, ಅದು ಸತ್ತೇ ಬಂದದ್ದು ಅಂತ ಎತ್ತಿಕೊಂಡು ಹೋದೆ.
ಒಳಗೆ ಬಚ್ಚಲಲ್ಲಿ ಒಡೆದು ನೋಡಿದರೆ
ಕಂಠಮಟ್ಟ ಕೆಸರು.
ತಟ್ಟೆಯಲ್ಲಿ ಅದೇ ಎಲ್ಲಕ್ಕಿಂತ ಭಾರ ಇತ್ತು,
ತೂಕಕ್ಕೆ ಹಾಕಿ ದುಡ್ಡು ಹಿಡಿದಿದ್ದೆ ನಾನು.

ಶಾವಿಗೆ ಇಡುವ ಹೊತ್ತಿಗೆ ಹುಡುಗ ಗಲ್ಲಾಪೆಟ್ಟಿಗೆ ಹತ್ತಿರ ಬಂದ.
ಹಿರಿಯ ಕೂತಿರುವಾಗ ಕಿರಿಯ ಬಿಲ್ಲು ಕೊಡೋದಾ!
ಮೂವತ್ತು ವರ್ಷದಲ್ಲಿ ನೋಡಿಲ್ಲ.
ನೋಟು ಮಡಿಸಿ ನನ್ನ ಕೈಲಿಟ್ಟು, ಮೆಲ್ಲಗೆ,
ಅಕ್ಕಾ, ನನಗೆ ಮಂಗಳವಾರವೇ ಗೊತ್ತಾಯಿತು ಅಂದ.
ಅವರು ಹೇಳಲಿ ಅಂತ ಕೂತಿದ್ದೀನಿ.
ಇನ್ನೊಂಚೂರು ಕೆಂಡ ಹಾಕ್ತೀರಾ?

ಹಾಕಿದೆ.

ಹತ್ತೂವರೆ ಆಗಿರಬೇಕು, ಶಾವಿಗೆ ಉಬ್ಬಿ ಮುದ್ದೆಯಾಗಿತ್ತು,
ಮೇಸ್ತ್ರಿ ಬಾಯಿ ಬಿಟ್ಟ.
ಏನಂದ ಅಂತ ನನ್ನ ಕೇಳಬೇಡಿ,
ನಾನು ನಲ್ಲಿ ಜೋರಾಗಿ ತಿರುಗಿಸಿಬಿಟ್ಟಿದ್ದೆ.
ತಿರುಗಿ ನೋಡಿದಾಗ ಹುಡುಗ
ಲೋಟ ಎತ್ತಿ ಕುಡಿಯುತ್ತಿದ್ದ,
ಮುಖ ಗೋಡೆಗೆ ತಿರುಗಿಸಿಯೇ.
ಬಹಳ ಹೊತ್ತು ಈಚೆ ತಿರುಗಲಿಲ್ಲ.

ಏನು, ನಿಮಗೊಂದೇ ಕೈಗವಸು ಬಂತಾ?
ಎಡಗೈದು ಅವನು ಹಾಕ್ಕೊಂಡೇ ಹೋದ.
ವಾಪಸು ತಂದುಕೊಡೋರು ಯಾರೂ ಇಲ್ಲ ಬಿಡಿ,
ಊರಲ್ಲಿ ಅರ್ಧ ಜನದ ಮನೆಯಲ್ಲಿ ನನ್ನ ಕೈಗವಸಿದೆ.
ಇವತ್ತೊಂದು ದಿನ ಬಲಗೈಯಲ್ಲೇ ಸುಧಾರಿಸಿ.

ಹಾಂ, ನೋಡಿ, ನಿಮ್ಮದೊಂದು ಬೆವರುತ್ತಿದೆ.